ರಾಷ್ಟ್ರಪತಿ ಚುನಾವಣೆ: ಶಿವಮೊಗ್ಗದ ಏಳು ಶಾಸಕರ ಮತಕ್ಕೆ ತೂಕ ಎಷ್ಟು? 2027ಕ್ಕೆ ಅದು ಬದಲಾಗುತ್ತಾ?

ಗಾಜನೂರು
ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ತಿರುಗ್ತಾ ಇದೆ. ಅದರಲ್ಲಿ ಮೂರು ಮಾತು. ಉತ್ತರ ಪ್ರದೇಶದ ಒಬ್ಬ ಶಾಸಕರ ಮತ ನಮ್ಮ ಹತ್ತು ಶಾಸಕರ ಮತಕ್ಕೆ ಸಮ ಅಂತ ಒಂದು. ವಿಧಾನ ಪರಿಷತ್ತಿನವರಿಗೂ ಮತ ಇದೆ ಅಂತ ಇನ್ನೊಂದು. 2027ರ ಚುನಾವಣೆಗೆ ಹೊಸ ಜನಗಣತಿ ಹಿಡಿದು ಕರ್ನಾಟಕದ ತೂಕ ಅರ್ಧಕ್ಕೆ ಇಳಿಸ್ತಾರೆ ಅಂತ ಮೂರನೆಯದು. ಮೂರೂ ತಪ್ಪು ಅನ್ನಿಸ್ತಿದೆ, ಆದರೆ ಅನ್ನಿಸಿದರೆ ಸಾಲದಲ್ಲ. ಪದವಿ ಕಾಲೇಜಿನ ಮಕ್ಕಳಿಗೆ ಹಂಚುವ ಹಾಳೆಗೆ ಇದು ಬೇಕು. ಅಂಕಿ ಸಮೇತ ಬರೆಯಿರಿ. 1969ರ ರಾಷ್ಟ್ರಪತಿ ಚುನಾವಣೆಯ ಗಿರಿ–ರೆಡ್ಡಿ ಎಣಿಕೆ ಗೊತ್ತಿದ್ದವರು ಅದನ್ನೂ ಬಿಡಿಸಿ ಹೇಳಿದರೆ ಉಪಕಾರ.

ಸಾಗರ ಪೇಟೆ
ಮೊದಲು ಲೆಕ್ಕದ ಬುಡ ನೋಡಿ. ಸಂವಿಧಾನದ 55ನೇ ವಿಧಿ ಹೇಳುವ ದಾರಿ ಇದು: ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಒಟ್ಟು ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ 1,000ದಿಂದ ಭಾಗಿಸಬೇಕು. ಉಳಿದ ಶೇಷ 500 ಅಥವಾ ಹೆಚ್ಚಿದ್ದರೆ ಒಂದು ಸೇರಿಸಬೇಕು. ಜನಸಂಖ್ಯೆ ಅಂದರೆ ಇವತ್ತಿನದಲ್ಲ, 1971ರ ಜನಗಣತಿಯದು.

ಕರ್ನಾಟಕದ 1971ರ ಜನಸಂಖ್ಯೆ 2,92,99,014. ಅದನ್ನು 224ರಿಂದ ಭಾಗಿಸಿದರೆ 1,30,799. ಸಾವಿರದಿಂದ ಭಾಗಿಸಿದರೆ 130, ಶೇಷ 799. ಶೇಷ 500 ದಾಟಿತು, ಹಾಗಾಗಿ 131. ನಮ್ಮ ಒಬ್ಬೊಬ್ಬ ಶಾಸಕರ ಮತದ ಮೌಲ್ಯ ಇದೇ 131. ಇಡೀ ವಿಧಾನಸಭೆಗೆ 131 × 224 = 29,344.

ಶಿವಮೊಗ್ಗ ಜಿಲ್ಲೆಗೆ ಏಳು ಕ್ಷೇತ್ರ: ಶಿವಮೊಗ್ಗ, ಶಿವಮೊಗ್ಗ ಗ್ರಾಮಾಂತರ, ಭದ್ರಾವತಿ, ತೀರ್ಥಹಳ್ಳಿ, ಶಿಕಾರಿಪುರ, ಸೊರಬ, ಸಾಗರ. 7 × 131 = 917. ಚಿಕ್ಕಮಗಳೂರಿನ ಐದಕ್ಕೆ 655, ಕೊಡಗಿನ ಎರಡಕ್ಕೆ 262.

ಉತ್ತರ ಪ್ರದೇಶ: 8,38,49,905 ÷ 403 = 2,08,064. ಅಂದರೆ 208. ನಮ್ಮ 131ಕ್ಕೆ ಅದು ಸುಮಾರು ಒಂದೂವರೆ ಪಟ್ಟು ಚಿಲ್ಲರೆ, ಹತ್ತು ಪಟ್ಟು ಅಲ್ಲವೇ ಅಲ್ಲ. ಹತ್ತು ಪಟ್ಟು ಬರುವುದು ಗೋವಾದ ಜೊತೆ ಹೋಲಿಸಿದಾಗ, ಅಲ್ಲಿ ಒಬ್ಬ ಶಾಸಕರಿಗೆ 20. ಸಂದೇಶ ಬರೆದವರು ಎಲ್ಲೋ ಗೋವಾದ ಸಾಲನ್ನು ನಮ್ಮ ಸಾಲು ಅಂದುಕೊಂಡಿರಬೇಕು. ಸಿಕ್ಕಿಂನದು ಬರೀ 7, ತಮಿಳುನಾಡಿನದು 176, ಕೇರಳದ್ದು 152.

ಭದ್ರಾವತಿ ಹಳೇನಗರ
ಸಂಸದರದ್ದು ಹೇಗೆ ಸಾರ್? ಅವರಿಗೂ ಕ್ಷೇತ್ರದ ಜನಸಂಖ್ಯೆ ನೋಡಿ ಕೊಡ್ತಾರಾ?

ಸಾಗರ ಪೇಟೆ
ಇಲ್ಲ. ದೇಶದ ಎಲ್ಲ ಸಂಸದರಿಗೂ ಒಂದೇ ಮೌಲ್ಯ. ಎಲ್ಲ ವಿಧಾನಸಭೆಗಳ ಮೌಲ್ಯ ಕೂಡಿಸಿ, ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸ್ತಾರೆ. 2022ರಲ್ಲಿ ವಿಧಾನಸಭೆಗಳ ಒಟ್ಟು 5,43,231. ಲೋಕಸಭೆಯ 543, ರಾಜ್ಯಸಭೆಯ 233, ಸೇರಿ 776. ಭಾಗಿಸಿದರೆ 700.04, ಹಾಗಾಗಿ 700. 2017ರಲ್ಲಿ ಇದು 708 ಇತ್ತು. ನಡುವೆ ಜಮ್ಮು–ಕಾಶ್ಮೀರದ ವಿಧಾನಸಭೆ ಇಲ್ಲವಾಗಿ ಭಾಜ್ಯ ಸಣ್ಣದಾಯಿತು, ಎಂಟು ಇಳಿಯಿತು.

ಒಂದು ಎಚ್ಚರಿಕೆ. ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಜಿಲ್ಲೆಯ ಏಳರ ಜೊತೆ ಉಡುಪಿ ಜಿಲ್ಲೆಯ ಬೈಂದೂರೂ ಸೇರುತ್ತೆ. ಜಿಲ್ಲೆಯ ಲೆಕ್ಕ ಬೇರೆ, ಲೋಕಸಭಾ ಕ್ಷೇತ್ರದ ಲೆಕ್ಕ ಬೇರೆ. ಎಂಟು ಶಾಸಕರು ಅಂದರೆ 1,048, ಸಂಸದರದು 700. ಹಾಳೆಯಲ್ಲಿ ಎರಡನ್ನೂ ಕಲಸಬೇಡಿ.

ರಾಜ್ಯದ ಒಟ್ಟು ಬೇಕಿದ್ದರೆ: ಲೋಕಸಭೆಯ 28 ಮತ್ತು ರಾಜ್ಯಸಭೆಯ 12, ಒಟ್ಟು 40 × 700 = 28,000. ಶಾಸಕರ 29,344 ಕೂಡಿದರೆ 57,344. ದೇಶದ ಒಟ್ಟು 10,86,431ರಲ್ಲಿ ಇದು ಶೇ 5.28.

ಕೊಪ್ಪದ ಮೇಡಂ
ಎರಡನೇ ಮಾತಿಗೆ ನನ್ನ ಉತ್ತರ. ವಿಧಾನ ಪರಿಷತ್ತಿನ 75 ಜನರಲ್ಲಿ ಒಬ್ಬರಿಗೂ ಈ ಚುನಾವಣೆಯಲ್ಲಿ ಮತ ಇಲ್ಲ. 54ನೇ ವಿಧಿಯಲ್ಲಿ ಇರುವುದು ಸಂಸತ್ತಿನ ಎರಡೂ ಸದನಗಳ ಚುನಾಯಿತ ಸದಸ್ಯರು ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು ಮಾತ್ರ. 'ಚುನಾಯಿತ' ಅನ್ನುವ ಪದಕ್ಕೆ ಮಕ್ಕಳು ಅಡಿಗೆರೆ ಹಾಕಿಕೊಳ್ಳಲಿ. ರಾಜ್ಯಸಭೆಗೆ ನಾಮನಿರ್ದೇಶನಗೊಂಡ 12 ಜನರೂ ಹೊರಗೇ. ದೆಹಲಿ, ಪುದುಚೇರಿ ವಿಧಾನಸಭೆಗಳು ಒಳಗೆ ಬಂದದ್ದು 1992ರ 70ನೇ ತಿದ್ದುಪಡಿಯಿಂದ.

ಗೊಂದಲ ಹುಟ್ಟುವುದು ಉಪರಾಷ್ಟ್ರಪತಿ ಚುನಾವಣೆಯಿಂದ. ಅದರಲ್ಲಿ ಶಾಸಕರು ಯಾರೂ ಇಲ್ಲ, ನಾಮನಿರ್ದೇಶಿತರು ಸೇರಿದಂತೆ ಸಂಸದರೆಲ್ಲ ಇದ್ದಾರೆ, ಒಬ್ಬರಿಗೆ ಒಂದೇ ಮತ. ಜಗದೀಪ್ ಧನಕರ್ 2025ರ ಜುಲೈ 21ಕ್ಕೆ ರಾಜೀನಾಮೆ ಕೊಟ್ಟ ಮೇಲೆ ಸೆಪ್ಟೆಂಬರ್ 9ಕ್ಕೆ ನಡೆದ ಚುನಾವಣೆಯಲ್ಲಿ ಸಿ.ಪಿ. ರಾಧಾಕೃಷ್ಣನ್‌ಗೆ 452, ಬಿ. ಸುದರ್ಶನ ರೆಡ್ಡಿಯವರಿಗೆ 300 ಬಿತ್ತು. ಆ ಎಣಿಕೆಯಲ್ಲಿ 131, 700 ಯಾವುದೂ ಬರುವುದಿಲ್ಲ.

ಭದ್ರಾವತಿ ಹಳೇನಗರ
ಇನ್ನೊಂದು ಕೇಳ್ತೀನಿ ಮೇಡಂ. ಒಂದು ಕ್ಷೇತ್ರ ಖಾಲಿ ಇದ್ದು ಉಪಚುನಾವಣೆ ಆಗಿರದಿದ್ದರೆ 224ರ ಬದಲು 223ರಿಂದ ಭಾಗಿಸ್ತಾರಾ? ಹಾಗಾದರೆ ಉಳಿದವರ ಮೌಲ್ಯ ಏರಬೇಕಲ್ಲ.

ಕೊಪ್ಪದ ಮೇಡಂ
ಏರುವುದಿಲ್ಲ. ಭಾಜಕ ಅನ್ನುವುದು ಚುನಾಯಿತ ಸ್ಥಾನಗಳ ಒಟ್ಟು ಸಂಖ್ಯೆ, ಆ ದಿನ ಕುರ್ಚಿಯಲ್ಲಿ ಇದ್ದವರ ಸಂಖ್ಯೆಯಲ್ಲ. ಖಾಲಿ ಕುರ್ಚಿಯ 131 ಆ ಸಲ ಹಾಗೇ ನಷ್ಟ. 1974ರಲ್ಲಿ ಗುಜರಾತಿನ ವಿಧಾನಸಭೆಯೇ ವಿಸರ್ಜನೆಯಾಗಿತ್ತು. ಒಂದು ಇಡೀ ರಾಜ್ಯದ ಶಾಸಕರಿಲ್ಲದೆ ಚುನಾವಣೆ ನಡೆಸಬಹುದಾ ಅಂತ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಹಾಲಿ ರಾಷ್ಟ್ರಪತಿಯ ಅವಧಿ ಮುಗಿಯುವುದರೊಳಗೆ ಚುನಾವಣೆ ಮುಗಿಯಲೇಬೇಕು, ಸ್ಥಾನ ಖಾಲಿ ಇದೆ ಅಂತ ತಡೆಯುವ ಹಾಗಿಲ್ಲ ಅಂತ ಉತ್ತರ ಬಂತು. 1961ರ 11ನೇ ತಿದ್ದುಪಡಿಯಲ್ಲೇ ಇದಕ್ಕೆ ದಾರಿ ಮಾಡಿಟ್ಟಿದ್ದರು.

ಹೊಸನಗರ
ಎಲ್ಲರ ತಲೆಬಿಸಿ ಮೂರನೇ ಮಾತಿನದ್ದು ಮಾರಾಯ್ರೆ. ಜನಗಣತಿ 2027, ಚುನಾವಣೆಯೂ 2027. ಆ ವರ್ಷವೇ ಬದಲಾದರೆ ಎಂತ ಕಥೆ?

ತೀರ್ಥಹಳ್ಳಿ ವಕೀಲ
ಇಲ್ಲಿ ಸಂವಿಧಾನದ ಒಂದೊಂದು ಪದವೂ ಮುಖ್ಯ. 55ನೇ ವಿಧಿಯ ವಿವರಣೆಯಲ್ಲಿ ಇರುವುದು ಹೀಗೆ: 2026ರ ನಂತರ ನಡೆಯುವ ಮೊದಲ ಜನಗಣತಿಯ ಸಂಬಂಧಪಟ್ಟ ಅಂಕಿಗಳು ಪ್ರಕಟವಾಗುವ ತನಕ 1971ರ ಅಂಕಿಯೇ ಲೆಕ್ಕಕ್ಕೆ. ಗಣತಿ ನಡೆದರೆ ಸಾಲದು, ಅಂಕಿ ಪ್ರಕಟವಾಗಬೇಕು. 1976ರ 42ನೇ ತಿದ್ದುಪಡಿ ಇದನ್ನು 2000ದ ತನಕ ಕಟ್ಟಿಹಾಕಿತ್ತು, 2001ರ 84ನೇ ತಿದ್ದುಪಡಿ 2026ಕ್ಕೆ ತಳ್ಳಿತು. ಜನಸಂಖ್ಯೆ ಹತೋಟಿಯಲ್ಲಿಟ್ಟ ರಾಜ್ಯಗಳಿಗೆ ಅದೇ ಕಾರಣಕ್ಕೆ ಪೆಟ್ಟು ಬೀಳಬಾರದು ಅನ್ನುವುದು ಉದ್ದೇಶ.

ಈಗ ದಿನಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೊಸ ಜನಗಣತಿಯ ಉಲ್ಲೇಖ ದಿನ, ಹಿಮ ಬೀಳುವ ಪ್ರದೇಶಗಳನ್ನು ಬಿಟ್ಟು, 2027ರ ಮಾರ್ಚ್ 1. ದ್ರೌಪದಿ ಮುರ್ಮು ಅವರು ಪ್ರಮಾಣ ಸ್ವೀಕರಿಸಿದ್ದು 2022ರ ಜುಲೈ 25ಕ್ಕೆ, ಅವಧಿ ಮುಗಿಯುವುದು 2027ರ ಜುಲೈ 24ಕ್ಕೆ. ಅಧಿಸೂಚನೆ ಹೊರಡಿಸಬಹುದಾದದ್ದು ಅವಧಿ ಮುಗಿಯುವ 60 ದಿನದ ಒಳಗೆ, ಅಂದರೆ ಮೇ ಕೊನೆಯಿಂದ. ಕಳೆದ ಸಲ ಜೂನ್ 15ಕ್ಕೆ ಅಧಿಸೂಚನೆ, ಜುಲೈ 18ಕ್ಕೆ ಮತದಾನ, 21ಕ್ಕೆ ಎಣಿಕೆ. ಮಾರ್ಚ್ 1ರಿಂದ ಅಧಿಸೂಚನೆಗೆ ಮೂರು–ಮೂರೂವರೆ ತಿಂಗಳ ಸಮಯ. ಅಷ್ಟರಲ್ಲಿ ಅಂತಿಮ ಅಂಕಿ ಪ್ರಕಟವಾಗದಿದ್ದರೆ 2027ರಲ್ಲೂ ನಮ್ಮದು 131. ನನ್ನ ಅಂದಾಜು ಹಾಗೇ ಆಗುತ್ತೆ ಅಂತ, ಏಕೆಂದರೆ ಹಿಂದಿನ ಗಣತಿಗಳಲ್ಲಿ ಅಂತಿಮ ಅಂಕಿಗೆ ವರ್ಷಗಳೇ ಹಿಡಿದಿವೆ. ಹಾಳೆಯಲ್ಲಿ ಮಾತ್ರ ಷರತ್ತಿನ ಜೊತೆಗೇ ಬರೆಯಿರಿ.

ಸಾಗರ ಪೇಟೆ
'ಅರ್ಧ' ಅನ್ನುವುದಕ್ಕೂ ಉತ್ತರ ಬೇಕಲ್ಲ. ಹೊಸ ಅಂಕಿ ಕೈಯಲ್ಲಿಲ್ಲ, 2011ರದ್ದು ಇಟ್ಟು ನೋಡಿದರೆ ದಿಕ್ಕು ತಿಳಿಯುತ್ತೆ.

ಕರ್ನಾಟಕ 6,10,95,297 ÷ 224 = 2,72,747, ಅಂದರೆ 273.
ಉತ್ತರ ಪ್ರದೇಶ 19,98,12,341 ÷ 403 = 4,95,812, ಅಂದರೆ 496.
ಕೇರಳ 3,34,06,061 ÷ 140 = 2,38,614, ಅಂದರೆ 239.

ನಮ್ಮ ಸಂಖ್ಯೆ 131ರಿಂದ 273ಕ್ಕೆ ಏರುತ್ತೆ, ಇಳಿಯುವುದಿಲ್ಲ. ಆದರೆ ಏರಿದ್ದು ನೋಡಿ ಹಿಗ್ಗುವ ಹಾಗೂ ಇಲ್ಲ, ನೋಡಬೇಕಾದ್ದು ಪಾಲು. ವಿಧಾನಸಭೆಗಳ ಒಟ್ಟು ಮೌಲ್ಯದಲ್ಲಿ ಈಗ ಕರ್ನಾಟಕಕ್ಕೆ ಶೇ 5.4, 2011ರ ಲೆಕ್ಕದಲ್ಲಿ ಸುಮಾರು 5.1. ಕೇರಳದ್ದು 3.9ರಿಂದ 2.8ಕ್ಕೆ ಕುಸಿಯುತ್ತೆ. ನಿಜವಾದ ಪೆಟ್ಟು ಕೇರಳಕ್ಕೆ. ಈಗ ಉತ್ತರ ಪ್ರದೇಶದ ಒಂದು ಮತ ಕೇರಳದ ಒಂದೂಕಾಲಿಗಿಂತ ಸ್ವಲ್ಪ ಹೆಚ್ಚು, ಆಗ ಎರಡಕ್ಕೂ ಮೇಲೆ.

ಮತ್ತೊಂದು ತಪ್ಪು ತಿಳಿವಳಿಕೆ ಇಲ್ಲೇ ಕೀಳಬೇಕು. ಕ್ಷೇತ್ರ ಪುನರ್‌ವಿಂಗಡಣೆಯಲ್ಲಿ ಶಾಸಕರ ಸಂಖ್ಯೆ ಹೆಚ್ಚಿದರೆ ರಾಜ್ಯದ ತೂಕ ಹೆಚ್ಚುತ್ತೆ ಅಂತ ಕೆಲವರು ವಾದ ಮಾಡ್ತಾರೆ. ಈ ಚುನಾವಣೆಯಲ್ಲಿ ಹಾಗಲ್ಲ. 1971ರ ಜನಸಂಖ್ಯೆಯನ್ನೇ 224ರ ಬದಲು 300 ಜನರಿಗೆ ಹಂಚಿ ನೋಡಿ: ಒಬ್ಬರಿಗೆ 98, ಒಟ್ಟು 29,400. ಈಗಿನ 29,344ಕ್ಕೂ ಅದಕ್ಕೂ ವ್ಯತ್ಯಾಸ 56, ಅದೂ ಶೇಷ ತಿದ್ದಿದ್ದರಿಂದ ಬಂದದ್ದು. ಅದೇ ಹಲಸಿನ ಹಣ್ಣು, ತೊಳೆ ಬಿಡಿಸುವ ಕೈ ಮಾತ್ರ ಹೆಚ್ಚು. ಶಾಸಕರ ಕಡೆಯ ತೂಕ ತೀರ್ಮಾನ ಮಾಡುವುದು ಜನಸಂಖ್ಯೆ ಒಂದೇ.

ಸಂಸದರ ಕಡೆ ಹಾಗಿಲ್ಲ. ಅವರಿಗೆಲ್ಲ ಸಮಾನ ಮೌಲ್ಯ ಆದ್ದರಿಂದ ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸ್ಥಾನ ಅನ್ನುವುದು ನೇರವಾಗಿ ತಾಗುತ್ತೆ. ಪುನರ್‌ವಿಂಗಡಣೆಯ ಚರ್ಚೆಯಲ್ಲಿ ನಾವು ಕಣ್ಣಿಡಬೇಕಾದ ಜಾಗ ಅದು.

ಸೊರಬ
1969ರದ್ದು ನಾನು ಬರೆಯುತ್ತೇನೆ. ಅದರ ಅರ್ಧ ಕಥೆ ನಡೆದದ್ದು ನಮ್ಮ ರಾಜ್ಯದಲ್ಲೇ.

ಜಾಕಿರ್ ಹುಸೇನ್ 1969ರ ಮೇ 3ಕ್ಕೆ ತೀರಿಕೊಂಡರು. ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ ಮೊದಲ ರಾಷ್ಟ್ರಪತಿ ಅವರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾದರು. ಗಿರಿ 1965ರಿಂದ 67ರ ತನಕ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ, ಪಕ್ಷದ ಅಧ್ಯಕ್ಷರು ಎಸ್. ನಿಜಲಿಂಗಪ್ಪ. ಆಗ ಬೆಂಗಳೂರಲ್ಲೇ ಸೇರಿದ ಪಕ್ಷದ ಸಂಸದೀಯ ಮಂಡಳಿ ನೀಲಂ ಸಂಜೀವ ರೆಡ್ಡಿಯವರ ಹೆಸರು ಆರಿಸಿತು. ಇಂದಿರಾ ಗಾಂಧಿಯವರಿಗೆ ಬೇಕಿದ್ದ ಹೆಸರು ಅದಲ್ಲ. ಜುಲೈ 19ಕ್ಕೆ 14 ಬ್ಯಾಂಕುಗಳ ರಾಷ್ಟ್ರೀಕರಣ. ಮರುದಿನ ಗಿರಿ ರಾಜೀನಾಮೆ ಕೊಟ್ಟು ಸ್ವತಂತ್ರರಾಗಿ ನಿಂತರು. ರಾಷ್ಟ್ರಪತಿಯೂ ಇಲ್ಲ, ಉಪರಾಷ್ಟ್ರಪತಿಯೂ ಇಲ್ಲ. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಆಗಸ್ಟ್ 24ರ ತನಕ ಆ ಕೆಲಸ ನೋಡಿಕೊಂಡರು. ಅದಕ್ಕಾಗಿ 1969ರಲ್ಲೇ ಒಂದು ಕಾಯ್ದೆ ಮಾಡಿಟ್ಟಿದ್ದರು. ಕೊನೆಗೆ ಪ್ರಧಾನಿ ತಮ್ಮ ಪಕ್ಷದವರಿಗೆ ಆತ್ಮಸಾಕ್ಷಿಯಂತೆ ಮತ ಹಾಕಿ ಅಂದರು.

ಈಗ ಎಣಿಕೆ. ಈ ಚುನಾವಣೆಯಲ್ಲಿ ಮತದಾರರು ಅಭ್ಯರ್ಥಿಗಳ ಎದುರು 1, 2, 3 ಅಂತ ತಮ್ಮ ಪ್ರಾಶಸ್ತ್ಯ ಬರೆಯುತ್ತಾರೆ. ಸಿಂಧುವಾದ ಮತಗಳ ಒಟ್ಟು ಮೌಲ್ಯ 8,36,337. ಗೆಲ್ಲಲು ಅರ್ಧಕ್ಕಿಂತ ಒಂದು ಹೆಚ್ಚು, ಕೋಟಾ 4,18,169. ಮೊದಲ ಪ್ರಾಶಸ್ತ್ಯದಲ್ಲಿ ಗಿರಿ 4,01,515, ರೆಡ್ಡಿ 3,13,548, ಸಿ.ಡಿ. ದೇಶಮುಖ್ 1,12,769, ಮಿಕ್ಕವರೆಲ್ಲ ಸೇರಿ 8,505. ಯಾರೂ ಕೋಟಾ ಮುಟ್ಟಲಿಲ್ಲ. ಆಗ ಕೆಳಗಿನಿಂದ ಒಬ್ಬೊಬ್ಬರನ್ನೇ ತೆಗೆದು, ಅವರ ಮತಪತ್ರದಲ್ಲಿ ಮುಂದಿನ ಪ್ರಾಶಸ್ತ್ಯ ಯಾರಿಗಿದೆಯೋ ಅವರಿಗೆ ಅದೇ ಮೌಲ್ಯದಲ್ಲಿ ವರ್ಗಾಯಿಸಿದರು. ಕೊನೆಗೆ ಗಿರಿ 4,20,077, ರೆಡ್ಡಿ 4,05,427.

ಎರಡನೇ ಪ್ರಾಶಸ್ತ್ಯ ಗಿರಿಗೆ ಹರಿದು ಬಂತು, ಅದಕ್ಕೇ ಗೆದ್ದರು ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಕಳೆದು ನೋಡಿ. ವರ್ಗಾವಣೆಯಲ್ಲಿ ಗಿರಿಗೆ ಸಿಕ್ಕಿದ್ದು 18,562, ರೆಡ್ಡಿಗೆ ಸಿಕ್ಕಿದ್ದು 91,879. ದೇಶಮುಖ್ ಅವರನ್ನು ನಿಲ್ಲಿಸಿದ್ದು ಸ್ವತಂತ್ರ ಪಕ್ಷ ಮತ್ತು ಜನಸಂಘ, ಆ ಕಡೆಯ ಎರಡನೇ ಪ್ರಾಶಸ್ತ್ಯ ಬಹುಪಾಲು ರೆಡ್ಡಿಗೇ ಹೋಯಿತು. ಗಿರಿ ಗೆದ್ದದ್ದು ಮೊದಲ ಸುತ್ತಿನ ಮುನ್ನಡೆ ಅಷ್ಟು ದೊಡ್ಡದಿತ್ತು ಅನ್ನುವ ಕಾರಣಕ್ಕೆ. ಕೋಟಾಕ್ಕೆ ಅವರಿಗೆ ಬೇಕಿದ್ದದ್ದು 16,654 ಮಾತ್ರ, ದಾಟಿದ್ದು 1,908ರಲ್ಲಿ. ಮುಂದಿನ ಪ್ರಾಶಸ್ತ್ಯ ಬರೆಯದೆ ನಡುದಾರಿಯಲ್ಲೇ ನಿಂತುಹೋದ ಮತಗಳ ಮೌಲ್ಯ 10,833. ಆ ಮತಗಳೆಲ್ಲ ರೆಡ್ಡಿಗೆ ಹೋಗಿದ್ದರೆ ಅಂತರ ಇನ್ನಷ್ಟು ಕಿರಿದಾಗುತ್ತಿತ್ತು.

ಗಾಜನೂರು
ಸೊರಬದವರೇ, ಇದನ್ನು ಹಾಗೇ ಎತ್ತಿಕೊಳ್ಳುತ್ತೇನೆ. ಆ 8,505 ತೆಗೆದುಕೊಂಡ ಮಿಕ್ಕವರು ಎಷ್ಟು ಜನ?

ಸೊರಬ
ಕಣದಲ್ಲಿ ಒಟ್ಟು 15 ಜನ. 1967ರಲ್ಲಿ 17 ಜನ ನಿಂತು ಒಂಬತ್ತು ಮಂದಿಗೆ ಒಂದು ಮತವೂ ಬೀಳಲಿಲ್ಲ. ಆಗ ನಾಮಪತ್ರ ಸಲ್ಲಿಸುವುದು ಅಷ್ಟು ಸಲೀಸು. ಅದಕ್ಕೇ 1974ರಲ್ಲಿ 10 ಸೂಚಕರು, 10 ಅನುಮೋದಕರು, 2,500 ರೂಪಾಯಿ ಠೇವಣಿ ಅಂತ ಮಾಡಿದರು. 1997ರಿಂದ 50 ಸೂಚಕರು, 50 ಅನುಮೋದಕರು, ಠೇವಣಿ 15,000. ಸೂಚಕರೂ ಅನುಮೋದಕರೂ ಮತದಾರರೇ ಆಗಿರಬೇಕು, ಅಂದರೆ ಶಾಸಕರು ಅಥವಾ ಸಂಸದರು.

ಶಿಕಾರಿಪುರ
ಮತ ಅಸಿಂಧು ಆಗುವುದು ಹೇಗೆ ಅಂತಲೂ ಮಕ್ಕಳಿಗೆ ಹೇಳಿ. 2022ರಲ್ಲಿ 4,754 ಜನ ಮತ ಹಾಕಿ 53 ತಿರಸ್ಕೃತ ಆದವು. ಅದರಲ್ಲಿ 15 ಸಂಸದರದ್ದು. 15 × 700 ಅಂದರೆ 10,500. ಕಾನೂನು ಮಾಡುವ ಜಾಗದಲ್ಲಿ ಕೂತವರ ಮತಪತ್ರ ಹೀಗೆ ಹಾಳಾಗುವುದು ನೋಡಿದರೆ ಬೇಸರ ಆಗುತ್ತೆ.

ಮತಪತ್ರ ಸಂಸದರಿಗೆ ಹಸಿರು, ಶಾಸಕರಿಗೆ ಗುಲಾಬಿ ಬಣ್ಣ. ಎರಡೇ ಕಂಬಸಾಲು: ಅಭ್ಯರ್ಥಿಯ ಹೆಸರು, ಪ್ರಾಶಸ್ತ್ಯದ ಅಂಕಿ. ಚಿಹ್ನೆ ಇಲ್ಲ, ನೋಟಾ ಇಲ್ಲ. ಆಯೋಗ ಕೊಡುವ ನೇರಳೆ ಶಾಯಿಯ ಪೆನ್ನಿನಲ್ಲೇ ಬರೆಯಬೇಕು, ಜೇಬಿನ ಪೆನ್ನು ತೆಗೆದರೆ ಮತ ಹೋಯಿತು. 1 ಬರೆಯುವುದು ಕಡ್ಡಾಯ, 2ರಿಂದ ಮುಂದೆ ಇಷ್ಟ. ಟಿಕ್ ಹಾಕಿದರೆ, ಇಬ್ಬರ ಎದುರೂ 1 ಬರೆದರೆ, ಒಬ್ಬರ ಎದುರೇ 1 ಮತ್ತು 2 ಎರಡೂ ಬರೆದರೆ, ಅಂಕಿ ಯಾರ ಸಾಲಿಗೆ ಸೇರಿದ್ದು ಅಂತ ತಿಳಿಯದ ಹಾಗೆ ಗೆರೆಯ ಮೇಲೆ ಬರೆದರೆ, ಸಹಿ ಅಥವಾ ಗುರುತು ಬಿಟ್ಟರೆ ತಿರಸ್ಕಾರ. 'ಒಂದು' ಅಂತ ಅಕ್ಷರದಲ್ಲಿ ಬರೆದರೂ ತಿರಸ್ಕಾರ. ಅಂಕಿ ಮಾತ್ರ ಯಾವ ಭಾರತೀಯ ಭಾಷೆಯದ್ದಾದರೂ ಆಗುತ್ತೆ. ನಮ್ಮ ಶಾಸಕರು ಕನ್ನಡದ ೧ ಬರೆದರೆ ಅದು ಸಿಂಧು.

ಹೊಸನಗರ
ಪಕ್ಷ ವಿಪ್ ಕೊಟ್ಟರೆ?

ತೀರ್ಥಹಳ್ಳಿ ವಕೀಲ
ಕೊಡುವ ಹಾಗಿಲ್ಲ. ಇದು ಸದನದ ಒಳಗಿನ ಮತದಾನ ಅಲ್ಲ, ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಇದಕ್ಕೆ ತಾಗುವುದಿಲ್ಲ. ರಾಜ್ಯಸಭೆ ಚುನಾವಣೆಯಲ್ಲಿ ಪಕ್ಷದ ಏಜೆಂಟರಿಗೆ ಮತಪತ್ರ ತೋರಿಸುತ್ತಾರಲ್ಲ, ಇಲ್ಲಿ ಅದೂ ಇಲ್ಲ, ಪೂರ್ತಿ ಗುಪ್ತ. ಚುನಾವಣೆ ಪ್ರಶ್ನಿಸುವುದಿದ್ದರೆ ನೇರ ಸುಪ್ರೀಂ ಕೋರ್ಟಿಗೆ, ಫಲಿತಾಂಶ ಪ್ರಕಟವಾದ 30 ದಿನದ ಒಳಗೆ. ಗಿರಿಯವರ ಗೆಲುವನ್ನೂ ಹಾಗೆ ಪ್ರಶ್ನಿಸಿದ್ದರು. ರಾಷ್ಟ್ರಪತಿಯಾಗಿದ್ದುಕೊಂಡೇ ಅವರು ನ್ಯಾಯಾಲಯಕ್ಕೆ ಬಂದು ಸಾಕ್ಷಿ ನುಡಿದರು. 1970ರಲ್ಲಿ ಅರ್ಜಿಗಳು ವಜಾ ಆದವು.

ಭದ್ರಾವತಿ ಹಳೇನಗರ
ಬಿ.ಡಿ. ಜತ್ತಿಯವರನ್ನು ಕರ್ನಾಟಕದ ರಾಷ್ಟ್ರಪತಿ ಅಂತ ಹಾಳೆಯಲ್ಲಿ ಸೇರಿಸಬಹುದಲ್ಲ?

ಕೊಪ್ಪದ ಮೇಡಂ
'ಹಂಗಾಮಿ' ಸೇರಿಸದೆ ಬರೆಯಬೇಡಿ. ಜಮಖಂಡಿ ತಾಲೂಕಿನ ಸಾವಳಗಿಯವರು, 1958ರಿಂದ 62ರ ತನಕ ಮೈಸೂರು ರಾಜ್ಯದ ಮುಖ್ಯಮಂತ್ರಿ, 1974ರಿಂದ ಉಪರಾಷ್ಟ್ರಪತಿ. ಫಕ್ರುದ್ದೀನ್ ಅಲಿ ಅಹ್ಮದ್ 1977ರ ಫೆಬ್ರವರಿ 11ಕ್ಕೆ ತೀರಿಕೊಂಡಾಗ ಹಂಗಾಮಿಯಾದರು, ಜುಲೈ 25ರ ತನಕ. ಅಂದು ಸಂಜೀವ ರೆಡ್ಡಿ ಅಧಿಕಾರ ವಹಿಸಿಕೊಂಡರು. ಅವತ್ತಿನಿಂದ ಇವತ್ತಿನ ತನಕ ಪ್ರತಿ ರಾಷ್ಟ್ರಪತಿಯೂ ಪ್ರಮಾಣ ಮಾಡುತ್ತಿರುವುದು ಜುಲೈ 25ಕ್ಕೇ.

ಜತ್ತಿಯವರ ಆ ಐದು ತಿಂಗಳನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ, ಅದು ಸರಿಯಲ್ಲ. ಜನತಾ ಸರ್ಕಾರ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿ ಅಂತ ಸಲಹೆ ಕೊಟ್ಟಾಗ ಅವರು ಕೂಡಲೇ ಸಹಿ ಹಾಕಲಿಲ್ಲ, ಏಪ್ರಿಲ್ 30ಕ್ಕೆ ಹಾಕಿದರು. ಮರುಪರಿಶೀಲಿಸಿ ಅಂತ ವಾಪಸ್ ಕಳಿಸುವ ಅಧಿಕಾರ ಅವರಿಗೆ ಇರಲಿಲ್ಲ. 42ನೇ ತಿದ್ದುಪಡಿ ಸಂಪುಟದ ಸಲಹೆಗೆ ಕಟ್ಟುಬೀಳಿಸಿತ್ತು, ಒಮ್ಮೆ ವಾಪಸ್ ಕಳಿಸುವ ಅವಕಾಶ ಬಂದದ್ದು 1978ರ 44ನೇ ತಿದ್ದುಪಡಿಯಿಂದ. 1997ರಲ್ಲಿ ಕೆ.ಆರ್. ನಾರಾಯಣನ್ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ವಾಪಸ್ ಕಳಿಸಿದ್ದು ಅದೇ ಅವಕಾಶ ಹಿಡಿದು. ಆ ಒಂಬತ್ತರಲ್ಲಿ ಕರ್ನಾಟಕ ಇರಲಿಲ್ಲ. 1977ರ ಲೋಕಸಭೆಯಲ್ಲಿ ಇಲ್ಲಿ ಕಾಂಗ್ರೆಸ್ 28ರಲ್ಲಿ 26 ಗೆದ್ದಿತ್ತು.

ಸೊರಬ
ರಾಷ್ಟ್ರಪತಿ ಆಳ್ವಿಕೆ ಅಂದ ಮೇಲೆ ಜಿಲ್ಲೆಯ ನಂಟನ್ನೂ ಬರೆಯಿರಿ. 1990ರ ಅಕ್ಟೋಬರ್ 10ರಿಂದ 17ರ ತನಕ ಇದ್ದ ಆಳ್ವಿಕೆ ಮುಗಿದ ದಿನವೇ ಎಸ್. ಬಂಗಾರಪ್ಪ ಮುಖ್ಯಮಂತ್ರಿ. 2007ರಲ್ಲಿ ಅಕ್ಟೋಬರ್ 9ರಿಂದ ನವೆಂಬರ್ 11, ಮರುದಿನ ಬಿ.ಎಸ್. ಯಡಿಯೂರಪ್ಪ. ಅವರು 19ಕ್ಕೆ ರಾಜೀನಾಮೆ ಕೊಟ್ಟರು, 20ರಿಂದ ಮತ್ತೆ ರಾಷ್ಟ್ರಪತಿ ಆಳ್ವಿಕೆ.

ಶಿಕಾರಿಪುರ
ಮಸೂದೆಗಳಿಗೆ ರಾಷ್ಟ್ರಪತಿಯ ಅಂಕಿತದ ಗಡುವಿನ ವಿಚಾರ ಸುದ್ದಿಯಲ್ಲಿತ್ತಲ್ಲ, ಅದು ಎಲ್ಲಿಗೆ ಬಂತು?

ತೀರ್ಥಹಳ್ಳಿ ವಕೀಲ
2025ರ ಏಪ್ರಿಲ್ 8ಕ್ಕೆ ತಮಿಳುನಾಡು ರಾಜ್ಯಪಾಲರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರ ಪೀಠ, ರಾಜ್ಯಪಾಲರು ಕಾಯ್ದಿರಿಸಿ ಕಳಿಸಿದ ಮಸೂದೆಯ ಮೇಲೆ ರಾಷ್ಟ್ರಪತಿ ಮೂರು ತಿಂಗಳಲ್ಲಿ ತೀರ್ಮಾನ ಮಾಡಬೇಕು ಅಂದಿತು. ಮೇನಲ್ಲಿ ರಾಷ್ಟ್ರಪತಿ 143ನೇ ವಿಧಿಯಡಿ 14 ಪ್ರಶ್ನೆ ಕೇಳಿದರು. ನವೆಂಬರ್ 20ಕ್ಕೆ ಐವರ ಪೀಠದ ಅಭಿಪ್ರಾಯ ಬಂತು: ನ್ಯಾಯಾಲಯ ಗಡುವು ಕಟ್ಟುವ ಹಾಗಿಲ್ಲ, ತಡವಾದರೆ ಅಂಕಿತ ಸಿಕ್ಕಿತು ಅಂತ ಭಾವಿಸುವ ಹಾಗೂ ಇಲ್ಲ. ಆದರೆ ರಾಜ್ಯಪಾಲರು ಕಾರಣವಿಲ್ಲದೆ ಮಸೂದೆಯನ್ನು ಕೊನೆಯಿಲ್ಲದೆ ಇಟ್ಟುಕೊಂಡರೆ, ತೀರ್ಮಾನ ಮಾಡಿ ಅಂತ ಸೀಮಿತ ನಿರ್ದೇಶನ ಕೊಡಬಹುದು. ನಮ್ಮ ರಾಜ್ಯಕ್ಕೂ ಇದು ದೂರದ ಮಾತಲ್ಲ, ಗುತ್ತಿಗೆಯಲ್ಲಿ ಮೀಸಲಾತಿ ಕೊಡುವ ತಿದ್ದುಪಡಿ ಮಸೂದೆಯನ್ನು ರಾಜ್ಯಪಾಲರು ರಾಷ್ಟ್ರಪತಿಗೆ ಕಾಯ್ದಿರಿಸಿದ್ದು ಅದೇ ಏಪ್ರಿಲ್‌ನಲ್ಲಿ.

ಗಾಜನೂರು
ಎಲ್ಲರಿಗೂ ಋಣಿ. ಹಾಳೆಯ ಮೊದಲ ಸಾಲು ಹೀಗೆ ಇಟ್ಟಿದ್ದೇನೆ: "2027ರ ಜುಲೈನಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131, ಸಂಸದರದು 700." ಸರಿಯಾ?

ಸಾಗರ ಪೇಟೆ
131 ಇರಲಿ, ವಕೀಲರು ಹೇಳಿದ ಷರತ್ತಿನ ಜೊತೆ. 700ರ ಪಕ್ಕ '2022ರಲ್ಲಿ' ಅಂತ ಬರೆಯಿರಿ. ಅದು ಎಲ್ಲ ವಿಧಾನಸಭೆಗಳ ಮೊತ್ತದ ಮೇಲೆ ನಿಂತ ಅಂಕಿ. ಆ ಪಟ್ಟಿಯಲ್ಲಿ ಒಂದು ವಿಧಾನಸಭೆ ಸೇರಿದರೂ ಬಿಟ್ಟರೂ ಅದು ಅಲುಗುತ್ತೆ. ಚುನಾವಣೆ ಘೋಷಣೆಯಾದ ದಿನ ಆಯೋಗ ಕೊಡುವ ಪಟ್ಟಿ ನೋಡಿ ಆಮೇಲೆ ತುಂಬಿ.